ಕೆಟ್ಟದ್ದು ಕಣ್ಣೋ, ದಿಕ್ಕೋ?

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಬೆಳಗಾಗುವ ಮೊದಲೇ ಓದುವ ಕೋಣೆಗಳ ಮುಂದೆ ಚಪ್ಪಲಿಗಳು ಸಾಲುಗಟ್ಟಿರುತ್ತವೆ. ಗದಗ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯಿಂದ ಬಂದ ಹುಡುಗ ಹುಡುಗಿಯರು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಒಂದೊಂದು ಪರೀಕ್ಷೆಯ ಹೆಸರು ಹಿಡಿದು ಅಲ್ಲಿ ವರ್ಷಗಟ್ಟಲೆ ಕೂತು ಓದುತ್ತಾರೆ. ಅವರ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಸಮಾನಾರ್ಥಕ ಪದಗಳ ಪುಟಗಳು ತಪ್ಪದೆ ಇರುತ್ತವೆ. ಅಂಥ ಒಂದು ಪುಟದಲ್ಲಿ ಕನ್‌ಫ್ಯೂಸ್, ಪರ್‌ಪ್ಲೆಕ್ಸ್, ಬಿವಿಲ್ಡರ್, ಬ್ಯಾಫಲ್, ನಾನ್‌ಪ್ಲಸ್, ಫ್ಲಸ್ಟರ್ ಎಂಬ ಆರು ಪದಗಳು ಒಂದರ ಕೆಳಗೊಂದು ಇದ್ದವು. ಆರನ್ನೂ ಕೂಡಿಸಿ ಒಂದು ದೊಡ್ಡ ಕಂಸ ಎಳೆದು, ಎದುರಿಗೆ ಒಂದೇ ಕನ್ನಡ ಪದ ಬರೆದಿತ್ತು: ಗೊಂದಲಗೊಳಿಸು.

ಈ ಮಕ್ಕಳ ದುಡಿಮೆಯ ಬಗ್ಗೆ ನನಗೆ ಬಹಳ ಗೌರವವಿದೆ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಲು ಆ ಒಂದು ಪದ ಸಾಕಾಗಲೂಬಹುದು. ಆದರೆ ವಾಕ್ಯ ಕೊಟ್ಟು ಬಿಟ್ಟ ಸ್ಥಳ ತುಂಬಿರಿ ಎಂದರೆ ಆ ಕಂಸ ಕೈಕೊಡುತ್ತದೆ. ಯಾಕೆಂದರೆ ಆ ಆರೂ ಒಂದೇ ಅಲ್ಲ. ನನಗೆ ಹೆಚ್ಚು ಸಂಕಟವಾಗುವುದು ಬೇರೆ ಕಾರಣಕ್ಕೆ. ಆ ಆರು ಪದಗಳ ನಡುವಿನ ಅಂತರ ತಿಳಿಯಲು ಬೇಕಾದ ಸಾಮಗ್ರಿ ಪೂರ್ತಿ ಆ ಮಕ್ಕಳ ಮನೆಮಾತಿನಲ್ಲೇ ಇದೆ. ಊರಿಗೆ ಫೋನ್ ಹಚ್ಚಿ ಅವ್ವನ ಜೋಡಿ ಹತ್ತು ನಿಮಿಷ ಮಾತಾಡಿದರೆ ಅದರಲ್ಲಿ ಮೂರಾದರೂ ಕಿವಿಗೆ ಬೀಳುತ್ತವೆ.

ಕನ್‌ಫ್ಯೂಸ್ ಎಂಬ ಪದದ ಲ್ಯಾಟಿನ್ ಬೇರಿಗೆ ಒಟ್ಟಿಗೆ ಸುರಿ ಎಂದರ್ಥ. ಬೇರೆ ಬೇರೆ ಇರಬೇಕಾದದ್ದನ್ನು ಒಂದರಲ್ಲಿ ಸುರಿದಿದ್ದರಿಂದ ಯಾವುದು ಯಾವುದೆಂದು ತಿಳಿಯುತ್ತಿಲ್ಲ. ಇದಕ್ಕೆ ನಾವು ಕಲಸುಮೇಲೋಗರ ಎನ್ನುತ್ತೇವೆ. ಪರ್‌ಪ್ಲೆಕ್ಸ್‌ನಲ್ಲಿ ಇರುವುದು ಹೆಣೆಯುವ ಕ್ರಿಯೆ. ಇಲ್ಲಿ ಏನೂ ಕಲೆತಿಲ್ಲ, ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ನಮ್ಮಲ್ಲಿ ಅದು ಸಿಕ್ಕು, ಗೋಜಲು. ಇನ್ನೂ ಹತ್ತಿರದ ಮಾತು ಬೇಕೆಂದರೆ ಪೇಚು. ಪಾರಸಿಯಲ್ಲಿ ಪೇಚ್ ಎಂದರೆ ತಿರುವು, ಸುತ್ತು. ಕುಸ್ತಿಯ ಪಟ್ಟಿಗೂ ಗಾಳಿಪಟದ ದಾರಗಳು ಒಂದಕ್ಕೊಂದು ತೊಡರುವುದಕ್ಕೂ ಅದೇ ಪದ. ‘ಪೇಚಿಗೆ ಸಿಕ್ಕೊಂಡೆ’ ಎನ್ನುವ ಹುಬ್ಬಳ್ಳಿಯವನೂ, ಪರ್‌ಪ್ಲೆಕ್ಸ್ ಎಂದು ಬರೆದ ಇಂಗ್ಲಿಷಿನವನೂ ಕಣ್ಣ ಮುಂದೆ ಕಂಡದ್ದು ಒಂದೇ ಗಂಟು.

ಬಿವಿಲ್ಡರ್ ಎಂಬುದರೊಳಗೆ ಕಾಡು ಇದೆ. ದಾರಿ ತಪ್ಪಿ ಕಾಡುಪಾಲಾದವನ ಸ್ಥಿತಿ ಅದು. ಅದರ ನೆಂಟನಂಥ ಇನ್ನೊಂದು ಪದ ಡಿಸ್‌ಓರಿಯೆಂಟ್. ಓರಿಯೆಂಟ್ ಎಂದರೆ ಸೂರ್ಯ ಮೂಡುವ ಕಡೆ. ಅದನ್ನು ಕಳೆದುಕೊಂಡವನಿಗೆ ಪೂರ್ವ ಯಾವುದೆಂದೇ ತಿಳಿಯದು. ಕನ್ನಡ ಕೂಡ ಮೂಡುವ ಕ್ರಿಯೆಯಿಂದಲೇ ಮೂಡಣ ಎಂಬ ಹೆಸರು ಕಟ್ಟಿಕೊಂಡಿದೆ, ಅದು ತಪ್ಪಿದವನನ್ನು ದಿಕ್ಕುಗೆಟ್ಟವನು ಎಂದಿದೆ. ನಾನ್‌ಪ್ಲಸ್ ಲ್ಯಾಟಿನ್ನಿನಲ್ಲಿ ‘ಇನ್ನು ಮುಂದಿಲ್ಲ’ ಎಂಬಷ್ಟೇ. ಮಾತು ಅಲ್ಲಿಗೇ ನಿಂತಿತು, ಬಾಯಿಗೆ ಉತ್ತರ ಬರಲಿಲ್ಲ. ನಮ್ಮ ತಬ್ಬಿಬ್ಬು ಇದೇ. ಎದುರಿಗೆ ಒಬ್ಬರು ಏನನ್ನೋ ಕೇಳದ ಹೊರತು ಯಾರೂ ತಬ್ಬಿಬ್ಬಾಗುವುದಿಲ್ಲ ಎಂಬುದನ್ನು ಗಮನಿಸಿ. ಕೋಣೆಯಲ್ಲಿ ಒಬ್ಬನೇ ಕೂತವನಿಗೆ ಗೊಂದಲವಾಗಬಹುದು, ಅವನು ತಬ್ಬಿಬ್ಬಾಗಲಾರ. ಬ್ಯಾಫಲ್ ಅಂದರೆ ಏನು ಮಾಡಿದರೂ ಉಪಾಯ ಹತ್ತದಿರುವುದು: ‘ಬುದ್ಧಿನ ಓಡವಲ್ದು’. ಇನ್ನು ಫ್ಲಸ್ಟರ್, ಅವಸರದಲ್ಲಿ ಕೈಕಾಲು ಆಡದಂತಾಗುವುದು. ಅದಕ್ಕೆ ನಮ್ಮ ತಡಬಡಾಯಿಸುವುದು ಇದೆ.

ಇನ್ನು ಆ ಕಂಸದ ಎದುರಿಗಿದ್ದ ಪದದ ವಿಷಯ. ಆರು ಪದಗಳ ಭಾರ ಹೊರಿಸಿದ್ದೆವಲ್ಲ, ಆ ಗೊಂದಲಕ್ಕೂ ಅದರದೇ ಆದ ಒಂದು ಮನೆ ಇದೆ. ಹುಬ್ಬಳ್ಳಿಯಲ್ಲಿ ಬೆಳೆದವರು ಆ ಮನೆಯನ್ನು ಕಣ್ಣಾರೆ ಕಂಡಿರುತ್ತಾರೆ. ಅಂಬಾಭವಾನಿ ಮನೆದೇವರಾಗಿರುವ ಮನೆಗಳಲ್ಲಿ ಮದುವೆ ಮುಗಿದ ಮೇಲೆ ಗೊಂದಲ ಹಾಕಿಸುವ ಪದ್ಧತಿ ಇದೆ. ‘ಗೊಂದ್ಲ ಹಾಕಸೂದು’ ಎಂದರೆ ಇಲ್ಲಿ ದೇವಿಯ ಸೇವೆ. ದಾಜಿಬಾನ ಪೇಟೆಯಲ್ಲಿ ತುಳಜಾಭವಾನಿಯ ಗುಡಿ ಇರುವ ಈ ಊರಿಗೆ ಗೊಂದಲಿಗರು ಹೊಸಬರಲ್ಲ. ರಾತ್ರಿ ಊಟವಾದ ಮೇಲೆ ಪಡಸಾಲೆ ಸಾರಿಸಿ, ಹೊಸ ಬಟ್ಟೆಯ ಮೇಲೆ ಧಾನ್ಯದ ಚೌಕ ಬರೆದು, ಕಲಶ ಇಡುತ್ತಾರೆ. ಗೊಂದಲಿಗರ ಕೊರಳಲ್ಲಿ ಕವಡೆ ಸರ. ಒಬ್ಬ ಸಂಬಾಳವನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾನೆ. ಅದು ಒಂದಕ್ಕೊಂದು ಬಿಗಿದ ಜೋಡಿ ವಾದ್ಯ, ಒಂದರ ದನಿ ಗಡಸು, ಇನ್ನೊಂದರದು ತುಸು ಸಣ್ಣದು. ಇನ್ನೊಬ್ಬ ತುಂತುಣಿಯ ಒಂದೇ ತಂತಿ ಮೀಟುತ್ತಾನೆ. ದೀವಟಿಗೆ ಮಂಕಾದಾಗಲೆಲ್ಲ ಮನೆಯವರು ಎಣ್ಣೆ ಎರೆಯುತ್ತಾರೆ. ಆಮೇಲೆ ಒಂದೊಂದೇ ಊರಿನ ದೇವರ ಹೆಸರು ಹಿಡಿದು ಕರೆಯುವುದು ಸುರುವಾಗುತ್ತದೆ: ತುಳಜಾಪುರದ ಭವಾನಿ, ಕೊಲ್ಲಾಪುರದ ಮಹಾಲಕ್ಷ್ಮಿ, ಜೇಜೂರಿಯ ಖಂಡೋಬಾ, ಸವದತ್ತಿಯ ಎಲ್ಲಮ್ಮ. ಎಲ್ಲ ದೇವರೂ ಒಂದೇ ಪಡಸಾಲೆಗೆ ಬರಬೇಕು. ಜನ, ಕೂಗು, ವಾದ್ಯ, ಹೊಗೆ ಎಲ್ಲ ಸೇರಿ ಮನೆ ತುಂಬಿಹೋಗುತ್ತದೆ.

ಮರಾಠಿಯಲ್ಲಿ ಈ ಸೇವೆಗೂ ಗದ್ದಲಕ್ಕೂ ಒಂದೇ ಪದ ನಡೆಯುತ್ತದೆ. ಹಳಗನ್ನಡದಲ್ಲಿ ಜನಸಂದಣಿಗೆ ಗೊಂದಣ ಎಂಬ ಮಾತಿತ್ತು. ಹೀಗಾಗಿ ಗೊಂದಲ ಎಂದಾಗ ನಮ್ಮ ಕಡೆಯ ಹಿರಿಯರ ಮನಸ್ಸಿಗೆ ಬರುತ್ತಿದ್ದದ್ದು ಒಬ್ಬನ ತಲೆಯೊಳಗಿನ ಸಂಗತಿಯಲ್ಲ, ಬಹಳ ಜನ ಸೇರಿದ ಜಾಗ. ನಾನು ಗೊಂದಲದ ರಾತ್ರಿಗಳಲ್ಲಿ ಕಂಡದ್ದು ಇಷ್ಟು: ಓಣಿಯಲ್ಲಿ ಮಲಗಿದವರಿಗೆ ಅದು ಬರೀ ಗದ್ದಲ, ಒಳಗೆ ಕೂತವರಿಗೆ ಅದರಲ್ಲಿ ಎಲ್ಲವೂ ಕ್ರಮಬದ್ಧ. ಯಾವ ದೇವರ ಹೆಸರು ಮೊದಲು, ಯಾವುದು ಆಮೇಲೆ, ಯಾವಾಗ ಆರತಿ ಎಂಬುದರಲ್ಲಿ ಒಂದಿಷ್ಟೂ ಹೆಚ್ಚುಕಡಿಮೆಯಾಗದು. ಅಂಥ ಪದವನ್ನು ನಾವು ಪತ್ರಿಕೆಯ ತಲೆಬರಹಗಳಲ್ಲಿ, ಸುತ್ತೋಲೆಗಳಲ್ಲಿ, ಟಿವಿಯಲ್ಲಿ ಸಿಕ್ಕಸಿಕ್ಕಲ್ಲಿ ಬಳಸಿ ಸವೆಸಿದ್ದೇವೆ. ಅಧಿಕಾರಿ ಎರಡು ಬಗೆಯ ಆದೇಶ ಹೊರಡಿಸಿದರೂ ಗೊಂದಲ, ಮತದಾರರ ಪಟ್ಟಿಯಲ್ಲಿ ಹೆಸರು ತಪ್ಪಿದರೂ ಗೊಂದಲ, ಯಾವ ಕಾಲೇಜು ಸೇರಬೇಕೆಂದು ಹುಡುಗಿ ಯೋಚಿಸುತ್ತಿದ್ದರೂ ಗೊಂದಲ. ಎರಡು ಆದೇಶಗಳ ಕಥೆಗೆ ಸಂದಿಗ್ಧ ಎಂಬ ಪದವೇ ಇದೆ. ಸಂಸ್ಕೃತದಲ್ಲಿ ಅದರ ಬೇರು ಬಳಿಯುವುದು, ಮೆತ್ತುವುದು. ಮೇಲೆ ಏನೋ ಬಳಿದದ್ದರಿಂದ ಕೆಳಗಿನ ಅಕ್ಷರ ಕಾಣದು. ಹುಡುಗಿಯದು ಇಬ್ಬಂದಿ. ಅವಳಿಗೆ ಎರಡೂ ದಾರಿ ಸ್ಪಷ್ಟವಾಗಿಯೇ ಕಾಣುತ್ತಿವೆ, ಕಷ್ಟ ಇರುವುದೇ ಅಲ್ಲಿ.

ಪದಗಳು ಸವೆಯುತ್ತವೆ, ತಿರುಗುತ್ತವೆ, ಇದು ಹೊಸದೇನಲ್ಲ. ಸಂಸ್ಕೃತದ ಸಂಭ್ರಮ ಎಂದರೆ ತಳಮಳ, ಗಡಿಬಿಡಿ. ಕನ್ನಡಕ್ಕೆ ಬಂದ ಮೇಲೆ ಅದೇ ಪದ ಹಬ್ಬದ ಹಿಗ್ಗಾಯಿತು. ಮದುವೆ ಮನೆಯ ಓಡಾಟವನ್ನು ಕಂಡವರಿಗೆ ಆ ದಾಟು ಎಷ್ಟು ಸಹಜವೆಂದು ತಿಳಿಯುತ್ತದೆ. ಹುಬ್ಬಳ್ಳಿಯಂಥ ಊರಿನಲ್ಲಂತೂ ಇಂಥ ದಾಟುಗಳು ನಿತ್ಯದ ವ್ಯವಹಾರ. ಆದಿಲಶಾಹಿ, ಸವಣೂರು ನವಾಬರು, ಪೇಶ್ವೆಗಳು, ಆಮೇಲೆ 1956ರ ತನಕ ಮುಂಬಯಿ ಪ್ರಾಂತ ಎಂದು ಆಳಿದವರು ಬದಲಾದಂತೆಲ್ಲ ಕಚೇರಿಯ ಮಾತು ಬದಲಾಯಿತು. ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ, ತೆಲುಗು ಭುಜ ತಾಗಿಸಿಕೊಂಡು ನಡೆದವು. ಹೈರಾಣ ಎಂಬ ಪದ ನೋಡಿ. ಉರ್ದುವಿನಲ್ಲಿ ಹೈರಾನ್ ಎಂದರೆ ಅಚ್ಚರಿಗೊಂಡು ಏನೂ ತೋಚದಿರುವವನು. ಹುಬ್ಬಳ್ಳಿಯಲ್ಲಿ ‘ಹೈರಾಣ ಆಗೇನ್ರಿ’ ಎಂದರೆ ದಣಿದು ಸುಸ್ತಾದೆ ಎಂದು. ಬೆರಗು ದಣಿವಾಗಿ ಬದಲಾದದ್ದು ಅರ್ಥಗೇಡಲ್ಲ. ಏನು ಮಾಡುವುದೆಂದು ತಿಳಿಯದೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆದವನು ಕೊನೆಗೆ ದಣಿಯದೆ ಇನ್ನೇನಾದಾನು? ಫಜೀತಿಯ ಅರಬ್ಬೀ ಮೂಲದಲ್ಲಿ ಇರುವುದು ಮಾನಗೇಡು. ನಮ್ಮಲ್ಲಿ ಮಾನದ ಮಾತು ಹಿಂದೆ ಸರಿದು ಪೀಕಲಾಟ ಉಳಿಯಿತು. ಹಿಂದಿಯವರು ಗಡಬಡ್ ಎಂದರೆ ಎಲ್ಲೋ ಏನೋ ಕೆಟ್ಟಿದೆ. ನಾವು ಗಡಿಬಿಡಿ ಎಂದರೆ ಅವಸರ.

ಇವೆಲ್ಲ ಒಟ್ಟಿಗೆ ಕೇಳಬೇಕೆಂದರೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣಕ್ಕೆ ಹೋಗಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದವಾದದ್ದು. ಒಂದೂವರೆ ಕಿಲೋಮೀಟರಿನ ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಂತರೆ ತಮ್ಮ ಡಬ್ಬಿ ಎದುರಿಗೆ ಬರುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಒಂದು ಸಂಜೆ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಒಬ್ಬ ಅಜ್ಜಿ, ಗಂಟುಮೂಟೆ ಸಮೇತ ಮೆಟ್ಟಿಲಿಳಿದು ಬಂದರು. ಗಾಡಿ ಬರುವ ಘೋಷಣೆ ಕೇಳಿದ್ದೇ ಮಗ ಎರಡು ಚೀಲ ಎತ್ತಿಕೊಂಡು ಒಂದು ಕಡೆ ಓಡಿದ, ಸೊಸೆ ಮಗುವನ್ನು ಎತ್ತಿಕೊಂಡು ಇನ್ನೊಂದು ಕಡೆ ಹೊರಟಳು. ಅಜ್ಜಿ ನಿಂತಲ್ಲೇ ನಿಂತು ದನಿ ಏರಿಸಿದಳು: ‘ಏ ತಮ್ಮಾ, ಗಡಬಡಿ ಮಾಡಬ್ಯಾಡ. ಗಾಬ್ರಿ ಆಗೂವಂಥಾದ್ದೇನೂ ಆಗಿಲ್ಲ. ಗಾಡಿ ಇನ್ನೂ ಬಂದಿಲ್ಲ. ಡಬ್ಬಿ ಎತ್ತಾಗ ಬರತೈತಿ ಅಂತ ಒಬ್ಬರ್ನ ಕೇಳು ಮೊದ್ಲ.’ ಆಮೇಲೆ ಸೊಸೆಗೆ, ‘ನೀ ಇಲ್ಲೇ ನಿಂದ್ರವ್ವಾ’ ಎಂದಳು. ಮಗ ಹಣ್ಣಿನ ಗಾಡಿಯವನನ್ನು ಕೇಳಿದ, ಅವನು ಮೇಲಿನ ಬೋರ್ಡು ತೋರಿಸಿದ, ಐವರೂ ಒಂದೇ ಕಡೆ ನಡೆದರು.

ಆ ಅಜ್ಜಿಯ ಮಾತನ್ನು ಇನ್ನೊಮ್ಮೆ ಓದಿ. ಗಡಬಡಿ ಒಂದು, ಗಾಬರಿ ಇನ್ನೊಂದು, ಡಬ್ಬಿ ಎಲ್ಲಿ ಎಂಬ ದಿಕ್ಕಿನ ಪ್ರಶ್ನೆ ಮತ್ತೊಂದು. ಮೂರನ್ನೂ ಆಕೆ ಬಿಡಿಸಿದಳು. ಅವಸರಕ್ಕೆ ‘ಗಾಡಿ ಬಂದಿಲ್ಲ’ ಎಂಬ ಮಾತು ಸಾಕಾಯಿತು. ಅಂಜಿಕೆಗೆ ‘ಏನೂ ಆಗಿಲ್ಲ’ ಎಂಬ ಧೈರ್ಯ. ದಿಕ್ಕು ತಿಳಿಯದ್ದಕ್ಕೆ ಮಾತ್ರ ಬೇರೊಬ್ಬರನ್ನು ಕೇಳಬೇಕು. ‘ಕನ್‌ಫ್ಯೂಸ್ ಆಗಬ್ಯಾಡ್ರಿ’ ಎಂದಷ್ಟೇ ಕೂಗಿದ್ದರೆ ಅವರಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಕನ್ನಡದಲ್ಲಿ ಹೀಗೆ ಬಿಡಿಸಿ ಹೇಳುವುದಕ್ಕೆಂದೇ ಒಂದು ಸಣ್ಣ ಯಂತ್ರವಿದೆ, ಕೆಡು ಎಂಬ ಕ್ರಿಯಾಪದ. ಅದರ ಮುಂದೆ ಏನು ಕೆಟ್ಟಿತು ಎಂಬುದನ್ನು ಸೇರಿಸಿದರಾಯಿತು. ಕಣ್ಣು ಕೆಟ್ಟರೆ ಕಂಗೆಡು: ಎದುರಿಗಿದ್ದದ್ದೇ ಕಾಣದು. ದಿಕ್ಕುಗೆಟ್ಟವನಿಗೆ ಎಲ್ಲ ಕಂಡರೂ ಹೋಗಬೇಕಾದ ಕಡೆ ತಿಳಿಯದು. ಮತಿಗೆಟ್ಟವನು ದಾರಿ ತಿಳಿದೂ ತಪ್ಪು ದಾರಿ ಹಿಡಿಯುತ್ತಾನೆ. ಧೃತಿಗೆಟ್ಟವನಿಗೆ ಎಲ್ಲ ತಿಳಿದಿದೆ, ಹೆಜ್ಜೆ ಏಳುವುದಿಲ್ಲ. ಹಳಗನ್ನಡದ ಕವಿಗಳು ಬಗೆಗೆಡು, ಎದೆಗೆಡು ಎಂದೂ ಬಳಸಿದ್ದಾರೆ. ಬಗೆ ಎಂದರೆ ಮನಸ್ಸು, ಎಣಿಕೆ. ಇಷ್ಟು ಚೊಕ್ಕವಾಗಿ ರೋಗದ ಜಾಗ ತೋರಿಸುವ ಪದಗಳ ಸಾಲು ಇಂಗ್ಲಿಷಿನಲ್ಲೂ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಅಲ್ಲಿ ಒಂದೊಂದು ಪದವೂ ಒಂದೊಂದು ಮೂಲದಿಂದ ಬಿಡಿಬಿಡಿಯಾಗಿ ಬಂದಿದೆ. ನಮ್ಮಲ್ಲಿ ಒಂದೇ ಕ್ರಿಯಾಪದ ಅಷ್ಟನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿದೆ. ಧಾರವಾಡ ಸೀಮೆಯಲ್ಲೂ ಇದ್ದು ಕನ್ನಡ ಕಲಿತ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಇಂಥ ಪದಗಳನ್ನು ಎಷ್ಟು ಆಸ್ಥೆಯಿಂದ ಕೂಡಿಹಾಕಿದ್ದಾರೆಂದು ಆ ಪುಟಗಳನ್ನು ತಿರುವಿದರೆ ಗೊತ್ತಾಗುತ್ತದೆ. ಅವರ ಹೆಸರಿನ ಕಾಲೇಜು ಇಂದಿಗೂ ಧಾರವಾಡದಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಗಿದದ್ದೇ 1995ರಲ್ಲಿ. ಪದಗಳು ಕಳೆದಿಲ್ಲ, ಕಪಾಟಿನಲ್ಲಿವೆ. ಅವು ಬಾಯಿಂದ ಜಾರುತ್ತಿರುವುದೇ ನನ್ನ ಚಿಂತೆ.

ಇದು ಬರೀ ಭಾಷಾಪ್ರೇಮದ ಮಾತಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಹೆಸರು ತಪ್ಪಿದರೆ ಕೆಲಸವೂ ತಪ್ಪುತ್ತದೆ. ಹೊಲದ ಉತಾರ ಹಿಡಿದು ಕಚೇರಿಗೆ ಬರುವವರನ್ನು ನೋಡಿ. ಉತಾರದಲ್ಲಿ ಈರಪ್ಪ, ಆಧಾರ್ ಕಾರ್ಡಿನಲ್ಲಿ ವೀರಪ್ಪ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವೀರಭದ್ರಪ್ಪ. ಮನುಷ್ಯ ಒಬ್ಬನೇ, ಕಾಗದದಲ್ಲಿ ಮೂವರು. ಇದು ನಿಜವಾದ ಅರ್ಥದ ಕಲಸುಮೇಲೋಗರ. ಮೂರು ಹೆಸರೂ ಒಬ್ಬನದೇ ಎಂದು ಪ್ರಮಾಣಪತ್ರ ಮಾಡಿಸಿದರೆ ಬಗೆಹರಿಯುವ ದಾರಿ ತೆರೆಯುತ್ತದೆ. ಅದೇ ಹೊಲ ಅಜ್ಜನ ಹೆಸರಿನಲ್ಲೇ ಉಳಿದು, ಮೂವರು ಮಕ್ಕಳಲ್ಲಿ ಬಾಯಿಮಾತಿನ ವಾಟ್ನಿಯಾಗಿ, ಒಬ್ಬ ತನ್ನ ಪಾಲು ಮಾರಿ, ಇನ್ನೊಬ್ಬ ತೀರಿಕೊಂಡಿದ್ದರೆ ಅದು ಸಿಕ್ಕು. ಅಲ್ಲಿ ಯಾರ ಹೆಸರೂ ತಪ್ಪಿಲ್ಲ, ಎಲ್ಲರದೂ ನಿಜವೇ. ಎಳೆ ಎಳೆಯಾಗಿ ಬಿಡಿಸಬೇಕು, ಹಿರಿಯರನ್ನು ಕೂಡಿಸಬೇಕು, ಆಗದಿದ್ದರೆ ನ್ಯಾಯಾಲಯ. ಮೊದಲನೆಯವನೂ ಎರಡನೆಯವನೂ ಕಟ್ಟೆಯ ಮೇಲೆ ಕೂತು ‘ನಮ್ಮ ಉತಾರದಾಗ ಗೊಂದಲ ಐತ್ರಿ’ ಎಂದರೆ, ಕೇಳಿದವರು ಇಬ್ಬರಿಗೂ ಒಂದೇ ದಾರಿ ತೋರಿಸುತ್ತಾರೆ. ಎರಡನೆಯವನು ಹೈರಾಣ ಆಗುವುದು ಅಲ್ಲಿಂದಲೇ.

ಆಸ್ಪತ್ರೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ವಯಸ್ಸಾದವರನ್ನು ಕರೆತಂದ ಮಗ ಡಾಕ್ಟರ ಎದುರು ‘ನಮ್ಮಪ್ಪಗ ಕನ್‌ಫ್ಯೂಷನ್ ಆಗೇತ್ರಿ’ ಎನ್ನುತ್ತಾನೆ. ಡಾಕ್ಟರು ಬರೆದುಕೊಳ್ಳುತ್ತಾರೆ, ಆದರೆ ಆ ಪದದಿಂದ ಅವರಿಗೆ ಸಿಕ್ಕದ್ದು ಬಹಳ ಕಡಿಮೆ. ಪಕ್ಕದಲ್ಲಿ ನಿಂತ ತಾಯಿ ಸೆರಗು ಸರಿಮಾಡಿಕೊಳ್ಳುತ್ತ ಹೇಳುತ್ತಾಳೆ: ‘ನಿನ್ನೆ ಸಂಜಿ ಮಟಾ ಚಲೋ ಇದ್ರು ಸಾಹೇಬ್ರ. ರಾತ್ರಿ ಜ್ವರ ಬಂತು, ಆವಾಗಿಂದ ಬಡಬಡಸಾಕ್ಹತ್ತಾರ್ರಿ. ಮನ್ಯಾಗ ಇದ್ರೂ ಮನಿಗೆ ಹೋಗೂಣ ನಡಿ ಅಂತಾರ. ಒಂದೊಂದ್ಸಲ ಖಬರ ಇರತೈತಿ, ಒಂದೊಂದ್ಸಲ ಇರೂದಿಲ್ರಿ.’ ವೈದ್ಯರಿಗೆ ಬೇಕಾದದ್ದೆಲ್ಲ ಆ ಮಾತಿನಲ್ಲಿದೆ: ಯಾವಾಗ ಸುರುವಾಯಿತು, ಜೊತೆಗೆ ಏನಿತ್ತು, ಒಂದೇ ಸಮನೆ ಇದೆಯೋ ಏರಿಳಿಯುತ್ತಿದೆಯೋ.

ನಮ್ಮ ಮನೆಗಳಲ್ಲಿ ಇದಕ್ಕೆ ನಾಲ್ಕಾರು ಪದಗಳಿವೆ, ಪ್ರತಿಯೊಂದೂ ಬೇರೆ ಸ್ಥಿತಿ. ಬವಳಿ ಬಂದವನಿಗೆ ತಲೆ ತಿರುಗುತ್ತದೆ, ಬುದ್ಧಿ ನೆಟ್ಟಗಿರುತ್ತದೆ. ಖಬರ ಇಲ್ಲದವನಿಗೆ ಎಚ್ಚರವೇ ಇಲ್ಲ. ಉರ್ದುವಿನಲ್ಲಿ ಖಬರ್ ಎಂದರೆ ಸುದ್ದಿ, ನಮ್ಮಲ್ಲಿ ಅದು ಮನುಷ್ಯನ ಎಚ್ಚರವಾಗಿದೆ. ಬಡಬಡಿಸುವವನು, ಹಿಂದಿನವರು ಸನ್ನಿ ಹಿಡಿದಿದೆ ಎನ್ನುತ್ತಿದ್ದವನು, ನೋಡುತ್ತಾನೆ, ಮಾತಾಡುತ್ತಾನೆ, ಆದರೆ ಮಾತಿಗೂ ಎದುರಿಗಿರುವುದಕ್ಕೂ ಸಂಬಂಧವಿರುವುದಿಲ್ಲ. ಇದು ತಾಸು, ದಿನಗಳಲ್ಲಿ ಏಳುತ್ತದೆ. ಅರಳುಮರಳು ಹಾಗಲ್ಲ. ಅದು ತಿಂಗಳು, ವರ್ಷಗಳ ಮೇಲೆ ನಿಧಾನವಾಗಿ ಬರುತ್ತದೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವು ಸಲೀಸಾಗಿ ಆಡುತ್ತೇವೆ, ಅದರಿಂದಲೇ ಒಂದು ದೊಡ್ಡ ಅಪಾಯವೂ ಆಗುತ್ತದೆ. ರಾತ್ರೋರಾತ್ರಿ ಬಡಬಡಿಸಲು ಹತ್ತಿದ ಎಪ್ಪತ್ತೈದರ ಅಜ್ಜನನ್ನು ‘ವಯಸ್ಸಾಗೇತಿ, ಅರಳುಮರಳು’ ಎಂದು ಮನೆಯಲ್ಲೇ ಮಲಗಿಸುತ್ತೇವೆ. ಮೂತ್ರದ ಸೋಂಕು, ರಕ್ತದಲ್ಲಿ ಸಕ್ಕರೆ ಅಥವಾ ಸೋಡಿಯಂ ಇಳಿಯುವುದು, ಮೈಯಲ್ಲಿ ನೀರು ಕಡಿಮೆಯಾಗುವುದು, ಹೊಸ ಗುಳಿಗೆ, ತಲೆಗೆ ಬಿದ್ದ ಪೆಟ್ಟು, ಪಾರ್ಶ್ವವಾಯು, ಇವುಗಳಲ್ಲಿ ಯಾವುದರಿಂದಲೂ ಹಿರಿಯರಿಗೆ ಹಾಗಾಗಬಹುದು. ಇವುಗಳಲ್ಲಿ ಹೆಚ್ಚಿನವನ್ನು ಬೇಗ ಹಿಡಿದರೆ ಸರಿಪಡಿಸಬಹುದು. ತಡವಾದರೆ ಕೆಲವನ್ನು ಆಗದು.

ಅದಕ್ಕೇ ಇದನ್ನು ಓದಿದವರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ನಿನ್ನೆಯ ತನಕ ನೆಟ್ಟಗಿದ್ದು ಇಂದು ಒಮ್ಮೆಲೇ ಮಾತು ತಪ್ಪುತ್ತಿದ್ದರೆ, ಮನೆಯವರ ಗುರುತು ಹಿಡಿಯದಿದ್ದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ಅವರು ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ನಡೆಯಿರಿ. ಡಾಕ್ಟರ ಮುಂದೆ ಇಂಗ್ಲಿಷ್ ಪದ ಹುಡುಕಬೇಡಿ. ಎಷ್ಟು ಗಂಟೆಗೆ ಸುರುವಾಯಿತು, ಏನು ಮಾತಾಡಿದರು, ಏನು ಮಾಡಿದರು ಎಂಬುದನ್ನು ಅವ್ವನ ಜೋಡಿ ಮಾತಾಡುವ ಮಾತಿನಲ್ಲೇ ಹೇಳಿ. ಅವರ ಹಾಸಿಗೆಯ ಹತ್ತಿರ ರಾತ್ರಿ ಎದ್ದು ಕೂತವರು ಯಾರೋ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.